ಟವರು ಕಂಡರೂ ಮಾತು ಮುಟ್ಟದೇಕೆ?

ಮೊಬೈಲ್ ಕಂಪೆನಿಯನ್ನು ಬದಲಿಸುವ ಮೊದಲು ಅಳೆದು ನೋಡಬೇಕಾದ ಸಂಗತಿಗಳು

ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ, ಎಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸುತ್ತುಮುತ್ತ ಸಂಚರಿಸುವವರ ಕಿವಿಗೆ ಪದೇ ಪದೇ ಬೀಳುವ ಮಾತೊಂದುಂಟು: "ಇಲ್ಲಿ ಟವರ್ ಇಲ್ಲ." ಮೊಬೈಲು ಮೂಕವಾದಾಗಲೆಲ್ಲ ಜನರು ಆಡುವ ಮಾತಿದು. ಆದರೆ ತಲೆಯೆತ್ತಿ ನೋಡಿದರೆ ಊರ ಹೊರಗಿನ ಹೊಲದಲ್ಲಿ ಉಕ್ಕಿನ ಗೋಪುರವೊಂದು ನಿಂತಿರುವುದು ಎಷ್ಟೋ ಕಡೆ ಕಣ್ಣಿಗೆ ಕಾಣುತ್ತಲೇ ಇರುವುದು! ಗೋಪುರವುಂಟು, ಕೈಯಲ್ಲಿ ಫೋನುಂಟು, ಖಾತೆಯಲ್ಲಿ ಹಣವುಂಟು. ಆದರೂ ಮಾತು ಮುಟ್ಟದು. ಇದಕ್ಕೆ ಕಾರಣವೇನು?

ಇದರ ಬೆನ್ನಿಗೇ ಏಳುವ ಪ್ರಶ್ನೆ ಇನ್ನೊಂದು: "ಹಾಗಾದರೆ ಯಾವ ಕಂಪೆನಿಯ ನೆಟ್‌ವರ್ಕ್ ಒಳ್ಳೆಯದು?" ಒಂದೇ ಓಣಿಯ ಎರಡು ಮನೆಯವರನ್ನು ಕೇಳಿದರೆ ಎರಡು ಉತ್ತರಗಳು ದೊರೆಯುವುವು. ಒಬ್ಬರು ಹೊಗಳಿದ ಕಂಪೆನಿಯನ್ನು ಇನ್ನೊಬ್ಬರು ಹಳಿಯುವರು. ವಿಚಿತ್ರವೆಂದರೆ ಇಬ್ಬರ ಮಾತೂ ನಿಜವಾಗಿರಬಹುದು. ಏಕೆಂದರೆ ನೆಟ್‌ವರ್ಕ್ ಎಂಬುದು ಕಂಪೆನಿಯ ಹೆಸರಿಗೆ ಅಂಟಿಕೊಂಡ ಗುಣವಲ್ಲ. ಅಲೆ, ನೆಲ, ಗೋಡೆ, ಕೈಯಲ್ಲಿರುವ ಉಪಕರಣ, ದಿನದ ಹೊತ್ತು ಇವೈದೂ ಕೂಡಿ ಒಂದೊಂದು ಸ್ಥಳದಲ್ಲಿ ಒಂದೊಂದು ಬಗೆಯಾಗಿ ಉಂಟಾಗುವ ಫಲ ಅದು. ಆದುದರಿಂದ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕು. "ಯಾವುದು ಒಳ್ಳೆಯದು?" ಎನ್ನುವ ಬದಲು "ನಮ್ಮ ಮನೆಯಲ್ಲಿ, ನಮ್ಮ ಹೊಲದಲ್ಲಿ, ನಮ್ಮ ಫೋನಿಗೆ, ನಮಗೆ ಬೇಕಾದ ಹೊತ್ತಿನಲ್ಲಿ ಯಾವುದು ಒಳ್ಳೆಯದು?" ಎಂದು ಕೇಳಬೇಕು. ಇದಕ್ಕೆ ಉತ್ತರವನ್ನು ಯಾರ ಬಾಯಿಂದಲೂ ಕೇಳಿ ತಿಳಿಯಬೇಕಾಗಿಲ್ಲ, ಅಳೆದೇ ತಿಳಿಯಬಹುದು.

ಅಳೆಯುವ ಶ್ರಮವೇಕೆ ಎಂದು ಕೇಳುವಿರಾ? ವಿದ್ಯಾರ್ಥಿವೇತನದ ಅರ್ಜಿಗೆ ಬರುವ ಗುಪ್ತಸಂಖ್ಯೆ, ಬ್ಯಾಂಕಿನ ಸಂದೇಶ, ನಡುರಾತ್ರಿಯಲ್ಲಿ ೧೦೮ರ ಆಂಬುಲೆನ್ಸಿಗೆ ಮಾಡುವ ಕರೆ, ಇವೆಲ್ಲವೂ ಇಂದು ಈ ಒಂದು ಎಳೆಯನ್ನೇ ನೆಚ್ಚಿಕೊಂಡಿವೆ. ಮನೆಗೆಲ್ಲ ಒಂದೇ ಫೋನಿರುವ ಸಂಸಾರಗಳಲ್ಲಿ ಈ ಎಳೆ ಕಡಿದರೆ ಬೇರೆ ದಾರಿಯಿಲ್ಲ. ಅದೂ ಅಲ್ಲದೆ, ಒಮ್ಮೆ ಕಂಪೆನಿಯನ್ನು ಬದಲಿಸಿದವನು ೯೦ ದಿನಗಳವರೆಗೆ ಅದೇ ಸಂಖ್ಯೆಯೊಡನೆ ಮತ್ತೊಂದಕ್ಕೆ ಹೋಗುವಂತಿಲ್ಲ. ಜೂನ್ ಕೊನೆಯಲ್ಲಿ ತೊಗರಿ ಬಿತ್ತುವಾಗ ತಪ್ಪು ಆಯ್ಕೆ ಮಾಡಿದವನು ಹಿಂತಿರುಗಬೇಕಾದರೆ ತೊಗರಿ ಹೂ ಬಿಡುವ ಕಾಲ ಬಂದಿರುತ್ತದೆ!

ಸಂಖ್ಯೆ ನಮ್ಮದು, ಕಂಪೆನಿ ಅವರದು

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದುದು ೧೯೯೫ರ ಜುಲೈ ೩೧ರಂದು, ಕಲ್ಕತ್ತೆಯಿಂದ ದೆಹಲಿಗೆ. ಮುಂದೆ ಹದಿನೈದು ವರ್ಷಗಳ ಕಾಲ ಸಂಖ್ಯೆ ಕಂಪೆನಿಯ ಸೊತ್ತೆಂಬಂತೆ ಇದ್ದಿತು. ಕಂಪೆನಿಯನ್ನು ಬಿಟ್ಟರೆ ಸಂಖ್ಯೆಯನ್ನೂ ಬಿಡಬೇಕಾಗುತ್ತಿತ್ತು. ೨೦೧೦ರ ನವೆಂಬರ್ ೨೫ರಂದು ಹರಿಯಾಣದಲ್ಲಿಯೂ ೨೦೧೧ರ ಜನವರಿ ೨೦ರಂದು ದೇಶದ ಎಲ್ಲೆಡೆಯೂ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪೆನಿಯನ್ನು ಬದಲಿಸುವ ಹಕ್ಕು ಬಳಕೆದಾರನಿಗೆ ದೊರೆಯಿತು. ಒಂದು ರಾಜ್ಯದ ವಲಯದಿಂದ ಇನ್ನೊಂದರ ವಲಯಕ್ಕೂ ಸಂಖ್ಯೆಯನ್ನು ಒಯ್ಯುವ ಸೌಕರ್ಯ ೨೦೧೫ರ ಜುಲೈ ೩ರಿಂದ ಬಂದಿತು.

ಕ್ರಮ ಸುಲಭವಾಗಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಪೋರ್ಟ್ ಎಂದು ಬರೆದು, ಸ್ವಲ್ಪ ತೆರಪು ಬಿಟ್ಟು, ತನ್ನ ಸಂಖ್ಯೆಯನ್ನು ಬರೆದು ೧೯೦೦ಕ್ಕೆ ಸಂದೇಶ ಕಳುಹಿಸಿದರೆ ಎಂಟು ಅಕ್ಷರಗಳ ಒಂದು ಸಂಕೇತ ಬರುವುದು. ಕರ್ನಾಟಕದಲ್ಲಿ ಅದರ ಆಯುಸ್ಸು ನಾಲ್ಕು ದಿನ. ಅಷ್ಟರೊಳಗೆ ಹೊಸ ಕಂಪೆನಿಯ ಅಂಗಡಿಯಲ್ಲಿ ಗುರುತಿನ ದಾಖಲೆಯೊಡನೆ ಅದನ್ನು ಕೊಡಬೇಕು. ೨೦೧೯ರ ಡಿಸೆಂಬರಿನಲ್ಲಿ ಜಾರಿಗೆ ಬಂದ ನಿಯಮದಂತೆ ಒಂದೇ ವಲಯದೊಳಗಿನ ಬದಲಾವಣೆಗೆ ಮೂರು, ವಲಯದಿಂದ ವಲಯಕ್ಕೆ ಐದು ಕೆಲಸದ ದಿನಗಳು ಸಾಕು. ಸಿಮ್ಮನ್ನು ಕಳೆದುಕೊಂಡು ಹೊಸದನ್ನು ಪಡೆದವರಿಗೆ ಏಳು ದಿನಗಳವರೆಗೆ ಈ ಸಂಕೇತ ಸಿಕ್ಕದು. ಕಳ್ಳರು ಪರರ ಸಂಖ್ಯೆಯನ್ನು ಹಾರಿಸದಿರಲೆಂದು ೨೦೨೪ರ ಜುಲೈ ೧ರಿಂದ ಹೀಗೆ ವಿಧಿಸಲಾಗಿದೆ. ಹಳೆಯ ಖಾತೆಯಲ್ಲಿ ಮಿಕ್ಕ ಹಣ ಹೊಸ ಕಂಪೆನಿಗೆ ಬಾರದು. ಆದಕಾರಣ ಅದು ಮುಗಿಯುವ ಹೊತ್ತಿಗೆ ಬದಲಿಸುವುದು ಜಾಣತನ. ಬದಲಿಸುವ ಕ್ರಮವೆಂದರೆ ಇಷ್ಟೇ. ಬದಲಿಸಬೇಕೆ, ಯಾವುದಕ್ಕೆ ಎಂಬುದನ್ನು ಹೇಳಬೇಕಾದುದು ಭೌತಶಾಸ್ತ್ರ.

ಅಲೆಯ ಉದ್ದವನ್ನು ಲೆಕ್ಕ ಹಾಕೋಣ

ಮೊಬೈಲಿನ ಮಾತು ಗಾಳಿಯಲ್ಲಿ ತೇಲುವುದಿಲ್ಲ. ವಿದ್ಯುತ್ಕಾಂತ ಅಲೆಗಳ ಮೇಲೇರಿ ಬೆಳಕಿನ ವೇಗದಲ್ಲಿ ಸಾಗುತ್ತದೆ. ಇಂಥ ಅಲೆಗಳನ್ನು ೧೮೮೦ರ ದಶಕದ ಕೊನೆಯಲ್ಲಿ ಜರ್ಮನಿಯ ಹೆನ್‌ರಿಕ್ ಹರ್ಟ್ಸ್ ಪ್ರಯೋಗಶಾಲೆಯಲ್ಲಿ ಉತ್ಪಾದಿಸಿ ತೋರಿಸಿದನು. ೧೮೯೫ರಲ್ಲಿ ಕಲ್ಕತ್ತೆಯಲ್ಲಿ ನಮ್ಮವರೇ ಆದ ಜಗದೀಶಚಂದ್ರ ಬೋಸರು ಕೆಲವೇ ಮಿಲಿಮೀಟರ್ ಉದ್ದದ ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ ನೋಡುಗರನ್ನು ಬೆರಗುಗೊಳಿಸಿದರು.

ಅಲೆಯ ಆವರ್ತನವನ್ನು ಮೆಗಾಹರ್ಟ್ಸ್‌ಗಳಲ್ಲಿ ಹೇಳುವುದು ರೂಢಿ. ಒಂದು ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಕಂಪನ. ೩೦೦ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರುಗಳಲ್ಲಿ ದೊರೆಯುವುದು. ವಾಚಕರು ತಾವೇ ಮಾಡಿ ನೋಡಬಹುದು. ೭೦೦ ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು ೪೩ ಸೆಂಟಿಮೀಟರ್, ೯೦೦ರದು ೩೩, ೧೮೦೦ರದು ೧೭, ೨೩೦೦ರದು ೧೩. ೫ಜಿ ಸೇವೆಗೆ ಬಳಕೆಯಾಗುವ ೩೫೦೦ರ ಸುಮಾರಿನ ಅಲೆ ಒಂಬತ್ತು ಸೆಂಟಿಮೀಟರಿಗೂ ಕಡಮೆ. ಮೊಳದುದ್ದದ ಅಲೆ, ಗೇಣುದ್ದದ ಅಲೆ, ಬೆರಳುದ್ದದ ಅಲೆ ಎಂದು ನೆನಪಿಟ್ಟುಕೊಂಡರೆ ಸಾಕು.

ಉದ್ದ ಬೇರೆಯಾದಂತೆ ನಡತೆಯೂ ಬೇರೆ. ಒಂದೇ ದೂರ, ಒಂದೇ ಶಕ್ತಿ, ಅಲೆಗೆ ತಕ್ಕ ಸಾದಾ ಏರಿಯಲ್‌ಗಳು ಎಂದು ಇಟ್ಟುಕೊಂಡರೆ, ೨೧೦೦ರ ಅಲೆಯಿಂದ ಫೋನು ಹಿಡಿಯಬಲ್ಲ ಶಕ್ತಿ ೭೦೦ರ ಅಲೆಯಿಂದ ಹಿಡಿಯಬಲ್ಲುದರ ಒಂಬತ್ತರಲ್ಲಿ ಒಂದು ಪಾಲು ಮಾತ್ರ. ಉದ್ದನೆಯ ಅಲೆ ದಿಣ್ಣೆಯ ಅಂಚಿನಲ್ಲಿ ತುಸು ಬಾಗಿ ಆಚೆಗೂ ಇಳಿಯಬಲ್ಲುದು; ಗೋಡೆಯನ್ನು ಹಾಯುವಾಗಲೂ ಕಡಮೆ ಸೊರಗುವುದು. ಗಿಡ್ಡ ಅಲೆಯ ನಡತೆ ಬೆಳಕಿನ ನಡತೆಗೆ ಹತ್ತಿರ. ಅಡ್ಡಬಂದ ವಸ್ತುವಿನ ಹಿಂದೆ ಅದು ನೆರಳು ಮಾಡುತ್ತದೆ. ಹಾಗಾದರೆ ಎಲ್ಲರೂ ಉದ್ದದ ಅಲೆಗಳನ್ನೇ ಬಳಸಬಾರದೇಕೆ? ಅವುಗಳ ಪಟ್ಟಿ ಇಕ್ಕಟ್ಟಾದುದು. ಹೆಚ್ಚು ಜನರು ಒಮ್ಮೆಗೇ ಚಿತ್ರಗಳನ್ನೂ ಪಾಠಗಳನ್ನೂ ತರಿಸಿಕೊಳ್ಳಬೇಕಾದರೆ ಅಗಲವಾದ ಪಟ್ಟಿ ಬೇಕು. ಅಂಥ ಅಗಲ ಮೇಲಿನ ಆವರ್ತನಗಳಲ್ಲಿಯೇ ಹೆಚ್ಚಾಗಿ ಸಿಕ್ಕುವುದು. ಹೀಗೆ ಒಂದು ದೂರ ಹೋಗುವುದು, ಇನ್ನೊಂದು ಹೆಚ್ಚು ಹೊರುವುದು.

ಸರಕಾರ ಈ ಪಟ್ಟಿಗಳನ್ನು ವಲಯವಾರು ಹರಾಜಿನಲ್ಲಿ ಮಾರುವುದರಿಂದ ಕಂಪೆನಿಗಳ ಬಳಿ ಇರುವ ಅಲೆಗಳೂ ಒಂದೇ ಬಗೆಯವಲ್ಲ. ಉದಾಹರಣೆಗೆ, ೨೦೨೨ರ ಹರಾಜಿನಲ್ಲಿ ೭೦೦ರ ಪಟ್ಟಿಯನ್ನು ಕೊಂಡ ಖಾಸಗಿ ಕಂಪೆನಿ ಜಿಯೊ ಒಂದೇ. ಆದರೆ ಪಟ್ಟಿ ಕೈಯಲ್ಲಿದ್ದ ಮಾತ್ರಕ್ಕೆ ಪ್ರತಿಯೊಂದು ಗೋಪುರದಲ್ಲಿಯೂ ಅದನ್ನು ಹಚ್ಚಿರುತ್ತಾರೆಂದು ಭಾವಿಸಬಾರದು. ನಮ್ಮೂರ ಗೋಪುರ ಯಾವ ಅಲೆಯನ್ನು ಬೀರುತ್ತಿದೆಯೆಂಬುದೇ ನಮಗೆ ಮುಖ್ಯ.

ಕಲ್ಲು, ಗಣಿ, ಕಾಡು

ಇನ್ನು ನೆಲದ ಕಡೆ ಕಣ್ಣು ಹಾಯಿಸೋಣ. ನಾವು ಹೇಳುತ್ತಿರುವ ಸೀಮೆಯಲ್ಲಿ ಅಲೆಗಳ ದಾರಿಗೆ ಅಡ್ಡಬರುವ ವಸ್ತುಗಳು ಬಗೆಬಗೆಯಾಗಿವೆ.

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗಳ ನೆಲದಡಿಯಲ್ಲಿ ಸುಣ್ಣಗಲ್ಲು ಹಾಸು ಹಾಸಾಗಿ ಮಲಗಿದೆ. ಶಹಾಬಾದಿ ಕಲ್ಲೆಂದು ದೇಶವೆಲ್ಲ ಬಲ್ಲ ಹಾಸುಗಲ್ಲು ಇದೇ. ಸಿಮೆಂಟಿನ ಕಾರ್ಖಾನೆಗಳನ್ನು ಇಲ್ಲಿಗೆ ಕರೆದುತಂದುದೂ ಇದೇ. ಇಲ್ಲಿನ ಹಳೆಯ ಮನೆಗಳಿಗೆ ನೆಲಕ್ಕೂ ಗೋಡೆಗೂ ಎಷ್ಟೋ ಕಡೆ ಮಾಳಿಗೆಗೂ ಈ ಕಲ್ಲೇ. ದಪ್ಪನೆಯ ಕಲ್ಲುಗೋಡೆ ಬೇಸಗೆಯ ಬಿಸಿಲನ್ನು ಹೊರಗೇ ತಡೆಯುವಂತೆ ಅಲೆಯನ್ನೂ ಬಹುಮಟ್ಟಿಗೆ ತಡೆಯುತ್ತದೆ. ಅಂಗಳದಲ್ಲಿ ಸ್ಪಷ್ಟವಾಗಿದ್ದ ಮಾತು ಒಳಕೋಣೆಯಲ್ಲಿ ತುಂಡು ತುಂಡಾಗುವುದು ಇದರಿಂದ. ಗೋಡೆಯ ಪ್ರಭಾವವನ್ನು ನೋಡಬೇಕೆನ್ನುವವರು ಕಾಗಿಣಾ ನದಿಯ ದಡದಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಗೆ ಹೋಗಿ ಗೋಡೆಯ ಆಚೆಗೊಮ್ಮೆ ಈಚೆಗೊಮ್ಮೆ ಫೋನು ಹಿಡಿದು ಹೋಲಿಸಬಹುದು.

ಕಲ್ಲು ತೆಗೆದ ಗಣಿಗಳದು ಇನ್ನೊಂದು ಕಥೆ. ಆಳವಾದ ಗುಂಡಿಯ ತಳದಲ್ಲಿ ನಿಂತ ಕೆಲಸಗಾರನಿಗೂ ಗೋಪುರಕ್ಕೂ ನಡುವೆ ಬಂಡೆಯ ಅಂಚು ಬರುತ್ತದೆ. ಉದ್ದನೆಯ ಅಲೆ ಅಂಚಿನಲ್ಲಿ ಬಾಗಿ ಸ್ವಲ್ಪ ಇಳಿದೀತು. ಗಿಡ್ಡ ಅಲೆ ಮೇಲೆಯೇ ಹಾಯ್ದುಹೋಗುವುದು. ತಗಡಿನ ಮಾಡು ಮತ್ತು ತಗಡಿನ ಗೋಡೆಗಳ ಕೊಟ್ಟಿಗೆಯಂತೂ ಅಲೆಗಳನ್ನು ಕನ್ನಡಿಯಂತೆ ಹಿಂದಕ್ಕೆ ತಳ್ಳುವುದು. ಅಲ್ಲಿ ಬಾಗಿಲು ಕಿಟಕಿಗಳೇ ಅಲೆಗೆ ದಾರಿ.

ಚಿಂಚೋಳಿಯ ಕಡೆ ಸಾಗಿದರೆ ನೋಟ ಬದಲಾಗುತ್ತದೆ. ಏರುತಗ್ಗುಗಳೂ ಕುಂಚಾವರಂ ಭಾಗದ ಕಾಡೂ ಅಲ್ಲಲ್ಲಿ ಹರಡಿದ ತಾಂಡಾಗಳೂ ಎದುರಾಗುವುವು. ೨೦೧೧ರಲ್ಲಿ ಇಲ್ಲಿನ ಅರಣ್ಯದ ಒಂದು ಭಾಗವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಎಲೆಗಳಲ್ಲಿ ನೀರಿರುವುದರಿಂದ ಅವು ಅಲೆಯ ಶಕ್ತಿಯನ್ನು ಹೀರುವುವು. ಬೇಸಗೆಯಲ್ಲಿ ಎಲೆಯುದುರಿ ನಿಂತ ಕಾಡಿಗಿಂತ ಮಳೆಗಾಲದ ತುಂಬುಹಸುರಿನ ಕಾಡು ಹೆಚ್ಚು ಹೀರುತ್ತದೆ. ಆದುದರಿಂದ ಏಪ್ರಿಲಿನಲ್ಲಿ ಮಾಡಿದ ಪರೀಕ್ಷೆ ಆಗಸ್ಟಿಗೆ ಒಪ್ಪದಿರಬಹುದು. ಜನವಸತಿ ವಿರಳವಾದಲ್ಲಿ ಗೋಪುರ ಹಾಕಿದರೆ ಕಂಪೆನಿಗೆ ಗಿಟ್ಟುವುದಿಲ್ಲ. ಅರಣ್ಯಭೂಮಿಯಲ್ಲಿ ಹಾಕಬೇಕಾದರೆ ಅನುಮತಿಯೂ ಬೇಕು. ೧೮೭೪ರಿಂದ ರೈಲು ಓಡುತ್ತಿರುವ ವಾಡಿ–ಸಿಕಂದರಾಬಾದ್ ಮಾರ್ಗದ ಬದಿಯ ಊರುಗಳಿಗೂ ಕಾಡಿನಂಚಿನ ತಾಂಡಾಗಳಿಗೂ ಒಂದೇ ನೆಟ್‌ವರ್ಕನ್ನು ನಿರೀಕ್ಷಿಸುವಂತಿಲ್ಲವೆಂಬುದು ಇದರಿಂದ ತಿಳಿಯುವುದು.

ಗಡಿಯ ವಿಷಯವೊಂದುಂಟು. ಸೇಡಂ ಮತ್ತು ಚಿಂಚೋಳಿ ತಾಲ್ಲೂಕುಗಳ ಪೂರ್ವದ ಅಂಚು ತೆಲಂಗಾಣಕ್ಕೆ ತಾಗಿದೆ. ಅಲೆಗಳಿಗೆ ರಾಜ್ಯದ ಗಡಿ ತಿಳಿಯದು. ಆಚೆಯ ಗೋಪುರ ಹೆಚ್ಚು ಬಲವಾಗಿ ಕೇಳಿಸಿದರೆ ಫೋನು ಅದನ್ನೇ ಆಶ್ರಯಿಸಬಹುದು. ಆಗ ಪರದೆಯ ಮೇಲೆ ಪರವಲಯದ ಗುರುತು ಮೂಡುವುದು. ಒಂದೇ ಕಂಪೆನಿಯ ಬಳಿ ಎರಡು ವಲಯಗಳಲ್ಲಿ ಬೇರೆ ಬೇರೆ ಪಟ್ಟಿಗಳಿರಬಹುದಾದ್ದರಿಂದ, ಇಂಥ ಊರುಗಳಲ್ಲಿ ಆಚೆಯ ಗೋಪುರವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೂಗು ಕೇಳಿತು, ಓ ಎಂದದ್ದು ಕೇಳಲಿಲ್ಲ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ನೆಲ ಮಟ್ಟಸವಾಗಿದ್ದರೆ ೪೦ ಮೀಟರ್ ಎತ್ತರದ ಗೋಪುರದ ತುದಿಯಿಂದ ದಿಗಂತಕ್ಕೆ ಸುಮಾರು ೨೨ ಕಿಲೊಮೀಟರ್. ಅಷ್ಟು ದೂರದಿಂದಲೂ ಅದು ಕಂಡೀತು. ಕಂಡಷ್ಟು ದೂರ ಮಾತು ನಡೆಯಬೇಕೆಂಬ ನಿಯಮವಿಲ್ಲ. ತೆರವಿನಲ್ಲಿ ದೂರ ಎರಡರಷ್ಟಾದರೆ ಅಲೆಯ ಶಕ್ತಿ ನಾಲ್ಕರಲ್ಲೊಂದಾಗುವುದು. ನೆಲ, ಮರ, ಮನೆಗಳ ನಡುವೆ ಹಾಯುವಾಗ ಅದು ಹತ್ತರಲ್ಲೊಂದಕ್ಕೂ ಹದಿನಾರರಲ್ಲೊಂದಕ್ಕೂ ಇಳಿಯುವುದುಂಟು.

ಅಲ್ಲದೆ ಸಂಭಾಷಣೆಗೆ ಇಬ್ಬರೂ ಬೇಕಷ್ಟೆ. ಗೋಪುರದ ಪ್ರೇಷಕ ಹತ್ತಾರು ವಾಟ್ ಶಕ್ತಿಯಿಂದ ಕೂಗಬಲ್ಲುದು. ಕೈಯಲ್ಲಿರುವ ೪ಜಿ ಫೋನಿನ ಅತ್ಯಧಿಕ ಶಕ್ತಿಯಾದರೋ ಸಾಮಾನ್ಯವಾಗಿ ಒಂದು ವಾಟ್ಟಿನ ಐದನೆಯ ಒಂದು ಪಾಲು. ಬೆಟ್ಟದ ಮೇಲಿಂದ ನಗಾರಿ ಬಾರಿಸಿದವನಿಗೆ ಕಣಿವೆಯಿಂದ ಚಪ್ಪಾಳೆ ತಟ್ಟಿ ಉತ್ತರ ಕೊಟ್ಟಂತೆ! ಗೋಪುರದಲ್ಲಿ ಸೂಕ್ಷ್ಮವಾದ ಏರಿಯಲ್ಲುಗಳಿದ್ದು ಈ ಕೊರತೆಯನ್ನು ಒಂದಷ್ಟು ತುಂಬಿಕೊಡುವುವು. ಆದರೂ ಅಂಚಿನ ಪ್ರದೇಶಗಳಲ್ಲಿ ಫೋನಿನಲ್ಲಿ ಸಿಗ್ನಲ್ಲು ಕಾಣುವುದು, ಕರೆ ಮಾತ್ರ ಹೋಗದು. ಆಚೆಯವರ ಮಾತು ನಮಗೆ ಕೇಳುವುದು, ನಮ್ಮ ಮಾತು ಅವರಿಗೆ ಕೇಳದು. ದುರ್ಬಲ ಸ್ಥಳದಲ್ಲಿ ಫೋನು ತನ್ನ ಶಕ್ತಿಯನ್ನೆಲ್ಲ ಹಾಕಿ ಕೂಗುವುದರಿಂದ ಬ್ಯಾಟರಿಯೂ ಬೇಗ ಬರಿದಾಗುವುದು.

ಇನ್ನೂ ಎರಡು ಕಾರಣಗಳುಂಟು. ಗೋಪುರದ ಏರಿಯಲ್ಲುಗಳು ದೀಪದಂತೆ ಸುತ್ತಲೂ ಸಮನಾಗಿ ಬೀರುವುದಿಲ್ಲ. ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು ಫಲಕಗಳನ್ನು ಕಟ್ಟಿ, ಒಂದಿಷ್ಟು ಕೆಳಮುಖವಾಗಿ ಓರೆಮಾಡಿರುತ್ತಾರೆ. ಓರೆ ಯಾರ ಕಡೆಗಿಲ್ಲವೊ ಅವರಿಗೆ ಹತ್ತಿರದ ಗೋಪುರವೂ ದೂರವೇ. ಎರಡನೆಯದಾಗಿ, ಕಾಣುವ ಗೋಪುರ ನಮ್ಮ ಕಂಪೆನಿಯದೇ ಆಗಿರಬೇಕೆಂದಿಲ್ಲ.

ಒಂದು ಬಾವಿ, ನೂರು ಕೊಡ

ಸಿಗ್ನಲ್ಲು ಬಲವಾಗಿದ್ದೂ ಪಾಠದ ಚಿತ್ರ ತೆರೆಯದಿದ್ದರೆ ಅದು ಬೇರೆ ರೋಗ. ಪ್ರದೇಶವನ್ನು ಚಿಕ್ಕ ಚಿಕ್ಕ ಕೋಶಗಳಾಗಿ ಒಡೆದು ಪ್ರತಿಯೊಂದಕ್ಕೂ ಒಂದು ನಿಲಯವನ್ನಿಡುವ ಕಲ್ಪನೆಯನ್ನು ೧೯೪೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರು ಮುಂದಿಟ್ಟರು. ದೂರದ ಕೋಶಗಳಲ್ಲಿ ಅದೇ ಅಲೆಯನ್ನು ಮತ್ತೆ ಬಳಸಬಹುದೆಂಬುದು ಅದರ ಸಾರ. ಒಂದು ಕೋಶದಲ್ಲಿರುವ ಎಲ್ಲರೂ ಒಂದೇ ಬಾವಿಯಿಂದ ನೀರು ಸೇದುವವರು. ನಡುಹಗಲಿನಲ್ಲಿ ಬಾವಿಯ ಬಳಿ ಹತ್ತು ಜನ, ರಾತ್ರಿ ಊಟದ ಹೊತ್ತಿಗೆ ನೂರು ಜನ, ಜಾತ್ರೆಯ ದಿನ ಸಾವಿರ ಜನ. ಬಾವಿಯಲ್ಲಿ ನೀರಿದ್ದೂ ಸರದಿ ಬಾರದು. ಆದುದರಿಂದಲೇ ಊರಿನಲ್ಲಿ ಎಲ್ಲರೂ ಒಂದೇ ಕಂಪೆನಿಗೆ ಹೋದರೆ, ಅದು ಎಲ್ಲರಿಗೂ ಒಳ್ಳೆಯದಾಗಿಯೇ ಉಳಿಯುವುದೆಂದು ಹೇಳಲಾಗದು.

ವಿದ್ಯುತ್ತು ಹೋದಾಗ ನೆಟ್‌ವರ್ಕ್ ಸಾಯುವುದು ಮೂರನೆಯ ರೋಗ. ಗೋಪುರದ ಬುಡದಲ್ಲಿ ಬ್ಯಾಟರಿಗಳೂ ಕೆಲವು ಕಡೆ ಡೀಸೆಲ್ ಯಂತ್ರವೂ ಇರುವುವು; ಅವು ಬರಿದಾದರೆ ನಿಲಯವೂ ನಿಲ್ಲುವುದು. ಒಂದೇ ಗೋಪುರವನ್ನು ಎರಡು ಮೂರು ಕಂಪೆನಿಗಳು ಬಾಡಿಗೆಗೆ ಹಂಚಿಕೊಳ್ಳುವುದು ಈಗ ಸಾಮಾನ್ಯ. ಅಂಥ ಊರಿನಲ್ಲಿ ವಿದ್ಯುತ್ತು ಹೋದೊಡನೆ ಎಲ್ಲ ಕಂಪೆನಿಗಳೂ ಒಟ್ಟಿಗೆ ಮೂಕವಾಗುತ್ತಿದ್ದರೆ, ಕಂಪೆನಿಯನ್ನು ಬದಲಿಸಿ ಫಲವಿಲ್ಲವೆಂದು ತಿಳಿಯಬಹುದು.

ಉಪಕರಣದ ವಿಷಯವನ್ನೂ ಮರೆಯಬಾರದು. ಹಿರಿಯರ ಕೈಯಲ್ಲಿರುವ ಹಳೆಯ ಗುಂಡಿಫೋನು ೨ಜಿಯದಾದರೆ ಅದು ೪ಜಿ, ೫ಜಿ ಮಾತ್ರವೇ ಇರುವ ಜಿಯೊ ಜಾಲದಲ್ಲಿ ನಡೆಯದು. ಹೊಸ ಕಂಪೆನಿಯ ಪಟ್ಟಿಯನ್ನು ನಮ್ಮ ಫೋನು ಹಿಡಿಯಬಲ್ಲುದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ಕಡ್ಡಿಗಳನ್ನು ಬಿಟ್ಟು ಅಂಕಿಯನ್ನು ನೋಡಿರಿ

ಫೋನಿನ ಮೂಲೆಯಲ್ಲಿ ಕಾಣುವ ನಾಲ್ಕೈದು ಕಡ್ಡಿಗಳನ್ನು ನಂಬಿ ತೀರ್ಮಾನಿಸುವುದು ಸರಿಯಲ್ಲ. ಎಷ್ಟು ಶಕ್ತಿಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲ ತಯಾರಕರಿಗೂ ಒಪ್ಪಿಗೆಯಾದ ಅಳತೆಯಿಲ್ಲ. ಆದರೆ ಕಡ್ಡಿಗಳ ಹಿಂದೆ ನಿಜವಾದ ಒಂದು ಅಂಕಿಯುಂಟು. ಬಹುಮಟ್ಟಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸಿನೊಳಗೆ ಫೋನಿನ ವಿವರಗಳಿಗೆ ಹೋಗಿ ಸಿಮ್ಮಿನ ಸ್ಥಿತಿಯನ್ನು ತೆರೆದರೆ ಸಿಗ್ನಲ್ಲಿನ ಬಲ ಡಿ.ಬಿ.ಎಂ. ಎಂಬ ಮಾನದಲ್ಲಿ ಕಾಣುವುದು.

ಈ ಮಾನದ ಗುಟ್ಟು ಸರಳ. ಸೊನ್ನೆ ಎಂದರೆ ಒಂದು ಮಿಲಿವಾಟ್. ಅದರಿಂದ ೧೦ ಕೆಳಗಿಳಿದಂತೆಲ್ಲ ಶಕ್ತಿ ಹತ್ತರಲ್ಲೊಂದು ಪಾಲಾಗುವುದು. ೩ ಇಳಿದರೆ ಅರ್ಧವಾಗುವುದು. ಮೈನಸ್ ೧೦೦ ಎಂದರೆ ಒಂದು ವಾಟ್ಟಿನ ಹತ್ತು ಲಕ್ಷ ಕೋಟಿಯಲ್ಲೊಂದು ಪಾಲು! ಇಷ್ಟು ಕ್ಷೀಣವಾದ ಪಿಸುಮಾತನ್ನೂ ಫೋನು ಕೇಳಿಸಿಕೊಳ್ಳುವುದೆಂಬುದೇ ಸೋಜಿಗ. ಅಂಕಿ ಮೈನಸ್ ಆದುದರಿಂದ ೮೫ಕ್ಕಿಂತ ೧೧೫ ದುರ್ಬಲವೆಂಬುದನ್ನು ನೆನಪಿಡಬೇಕು. ನಡುವೆ ಸಾವಿರ ಪಟ್ಟು ಅಂತರವಿದೆ. ೪ಜಿಯಲ್ಲಿ ಮೈನಸ್ ೯೦ಕ್ಕಿಂತ ಮೇಲಿದ್ದರೆ ಚೆನ್ನ. ೧೦೦ರ ಸುಮಾರಾದರೆ ಸಾಧಾರಣ. ೧೧೦ನ್ನು ದಾಟಿದರೆ ದುರ್ಬಲ. ೧೨೦ರ ಹತ್ತಿರ ಎಳೆ ಕಡಿಯುವ ಸ್ಥಿತಿ. ೨ಜಿಯ ಅಂಕಿಯನ್ನು ೪ಜಿಯ ಅಂಕಿಯೊಡನೆ ಹೋಲಿಸಕೂಡದು. ಎರಡರಲ್ಲಿ ಅಳೆಯುವ ರೀತಿಯೇ ಬೇರೆ.

ಉದಾಹರಣೆಗಾಗಿ ಒಂದು ಕಲ್ಲುಮನೆಯನ್ನು ಭಾವಿಸೋಣ. ಅಂಕಿಗಳು ನಾವೇ ಹಾಕಿಕೊಂಡವು. 'ಅ' ಕಂಪೆನಿ ಗಿಡ್ಡ ಅಲೆಯನ್ನೂ 'ಆ' ಕಂಪೆನಿ ಉದ್ದನೆಯ ಅಲೆಯನ್ನೂ ಬೀರುತ್ತಿವೆ. ಅಂಗಳದಲ್ಲಿ 'ಅ' ಮೈನಸ್ ೮೪, 'ಆ' ಮೈನಸ್ ೯೨. ಹೊರಗೆ ನೋಡಿದವನು 'ಅ'ವನ್ನೇ ಮೆಚ್ಚುವನು. ಅದು ಆರು ಪಟ್ಟಿಗಿಂತಲೂ ಬಲವಾಗಿದೆ. ಒಳಕೋಣೆಗೆ ಹೋದಾಗ 'ಅ' ೩೦ರಷ್ಟು ಇಳಿದು ಮೈನಸ್ ೧೧೪ ಆಯಿತು; 'ಆ' ೧೬ರಷ್ಟು ಮಾತ್ರ ಇಳಿದು ಮೈನಸ್ ೧೦೮ರಲ್ಲಿ ನಿಂತಿತು. ಈಗ 'ಆ' ನಾಲ್ಕು ಪಟ್ಟು ಬಲಶಾಲಿ! ಕೋಣೆಯಲ್ಲಿ ಕುಳಿತು ಓದುವ ವಿದ್ಯಾರ್ಥಿನಿಗೆ 'ಆ' ಒಳ್ಳೆಯದು; ಕಟ್ಟೆಯ ಮೇಲೆ ಕುಳಿತು ಮಾತನಾಡುವ ಅವಳ ಅಜ್ಜನಿಗೆ 'ಅ' ಒಳ್ಳೆಯದು. ಒಂದೇ ಮನೆಯಲ್ಲಿ ಎರಡು ಉತ್ತರ, ಎರಡೂ ಸತ್ಯ.

ಮನೆಯಲ್ಲೇ ಮಾಡಬಹುದಾದ ಪ್ರಯೋಗ

ಒಂದು ನೋಟುಬುಕ್ಕನ್ನು ತೆಗೆದುಕೊಂಡು, ಫೋನು ನಿಜವಾಗಿ ಬೇಕಾಗುವ ಸ್ಥಳಗಳನ್ನು ಮೊದಲು ಬರೆಯಿರಿ: ಮಲಗುವ ಕೋಣೆ, ಅಡುಗೆಮನೆ, ಹೊಲ, ಕಾಲೇಜು, ದಿನವೂ ಬಸ್ಸು ಹಿಡಿಯುವ ನಿಲ್ದಾಣ. ಪ್ರತಿಯೊಂದರಲ್ಲಿಯೂ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಟರ ಮೇಲೆ, ಸಾಧ್ಯವಾದರೆ ವಿದ್ಯುತ್ತು ಹೋಗಿ ಗಂಟೆ ಕಳೆದ ಮೇಲೆ ಅಂಕಿಯನ್ನು ಗುರುತುಮಾಡಿಕೊಳ್ಳಿರಿ. ಅಂಕಿ ಗಳಿಗೆಗೊಮ್ಮೆ ಓಲಾಡುವುದರಿಂದ ಒಂದೊಂದು ಸಲ ಐದು ಓದುಗಳನ್ನು ತೆಗೆದು ನಡುವಣದನ್ನು ಬರೆಯುವುದು ಮೇಲು. ಬಳಿಕ ಅಲ್ಲಿಂದಲೇ ಹತ್ತು ಕರೆಗಳನ್ನು ಮಾಡಿ, ಎಷ್ಟು ಕೂಡಿದವು, ಎಷ್ಟು ನಡುವೆ ಕಡಿದವು ಎಂಬುದನ್ನೂ ಬರೆಯಿರಿ.

ಹೋಲಿಸುವಾಗ ಒಂದೇ ಫೋನನ್ನು ಬಳಸಬೇಕು. ಏರಿಯಲ್ಲಿನ ರಚನೆ ಫೋನಿನಿಂದ ಫೋನಿಗೆ ಬೇರೆಯಾದುದರಿಂದ ನಿಮ್ಮ ಫೋನಿನ ಒಂದು ಸಿಮ್ಮನ್ನು ನೆರೆಯವರ ಫೋನಿನ ಇನ್ನೊಂದು ಸಿಮ್ಮಿನೊಡನೆ ತೂಗಿದರೆ ಸಿಮ್ಮನ್ನಲ್ಲ, ಫೋನನ್ನು ತೂಗಿದಂತಾದೀತು. ಎರಡು ಸಿಮ್ಮುಗಳ ಫೋನಿದ್ದರೆ ಕೆಲಸ ಹಗುರ. ಹೊಸ ಕಂಪೆನಿಯ ಅಗ್ಗದ ಸಿಮ್ಮೊಂದನ್ನು ಒಂದು ತಿಂಗಳ ಮಟ್ಟಿಗೆ ಎರಡನೆಯ ಗೂಡಿನಲ್ಲಿಟ್ಟು ಪರೀಕ್ಷಿಸಿ, ಒಪ್ಪಿಗೆಯಾದ ಮೇಲೆ ಹಳೆಯ ಸಂಖ್ಯೆಯನ್ನು ಒಯ್ಯಬಹುದು. ೯೦ ದಿನಗಳ ಬಂಧನಕ್ಕೆ ಒಳಗಾಗುವುದಕ್ಕಿಂತ ೩೦ ದಿನಗಳ ಪರೀಕ್ಷೆ ಎಷ್ಟೋ ಲೇಸು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ೨೦೨೪ರ ನಿಯಮದಂತೆ ಪ್ರತಿಯೊಂದು ಕಂಪೆನಿಯೂ ತನ್ನ ಸೇವೆ ಎಲ್ಲೆಲ್ಲಿ ಉಂಟೆಂಬ ನಕ್ಷೆಯನ್ನು ಅಂತರ್ಜಾಲದಲ್ಲಿ ಪ್ರಕಟಿಸಬೇಕಾಗಿದೆ. ಪರೀಕ್ಷೆಗೆ ಮೊದಲು ಅದನ್ನು ನೋಡುವುದು ಒಳ್ಳೆಯದು. ನಕ್ಷೆಯಲ್ಲಿ ಬಣ್ಣವೇ ಇಲ್ಲದ ಕಂಪೆನ\u200cಿಗೆ ಸಿಮ್ಮು ಕೊಳ್ಳುವ ಶ್ರಮ ಬೇಡ. ಆದರೆ ಬಣ್ಣವಿದ್ದಲ್ಲಿ ಒಳಕೋಣೆಯಲ್ಲಿಯೂ ಮಾತು ನಡೆಯುವುದೆಂಬ ಭರವಸೆಯನ್ನು ನಕ್ಷೆ ಕೊಡಲಾರದು. ನಿಮ್ಮ ಗೋಡೆಯ ದಪ್ಪ ಅದಕ್ಕೆ ತಿಳಿಯದು. ಹಳೆಯ ಅಭಿಪ್ರಾಯಗಳನ್ನೂ ಹೊಸದಾಗಿ ಪರೀಕ್ಷಿಸಬೇಕು. ಬಿ.ಎಸ್.ಎನ್.ಎಲ್. ತನ್ನ ಸ್ವದೇಶಿ ೪ಜಿ ಜಾಲವನ್ನು ವಿಧ್ಯುಕ್ತವಾಗಿ ಆರಂಭಿಸಿದುದು ೨೦೨೫ರ ಸೆಪ್ಟೆಂಬರ್ ೨೭ರಂದು; ಅದಕ್ಕೆ ಮುಂಚಿನ ಹೊಗಳಿಕೆ ತೆಗಳಿಕೆಗಳು ಈಗ ಒಪ್ಪಲಾರವು.

ಯಾವ ಕಂಪೆನಿಯೂ ಮುಟ್ಟದ ಸ್ಥಳದಲ್ಲಿ ಏನು ಮಾಡಬೇಕು? ಅಲ್ಲಿ ಬದಲಾವಣೆಯ ಹಕ್ಕಿನಿಂದ ಪ್ರಯೋಜನವಿಲ್ಲ, ಗೋಪುರವೇ ಬರಬೇಕು. ಲಾಭ ಗಿಟ್ಟದ ಊರುಗಳಿಗಾಗಿ ಕಂಪೆನಿಗಳ ಆದಾಯದ ಒಂದು ಪಾಲಿನಿಂದ ಕೂಡಿಸಿದ ನಿಧಿಯೊಂದಿದೆ. ಅದರ ಈಗಿನ ಹೆಸರು ಡಿಜಿಟಲ್ ಭಾರತ್ ನಿಧಿ. ಆ ಹಣದಿಂದ ಎದ್ದ ೪ಜಿ ಗೋಪುರಗಳನ್ನು ಬಿ.ಎಸ್.ಎನ್.ಎಲ್., ಏರ್‌ಟೆಲ್, ಜಿಯೊ ಗ್ರಾಹಕರು ಪರಸ್ಪರ ಬಳಸಿಕೊಳ್ಳುವ ವ್ಯವಸ್ಥೆಗೆ ೨೦೨೫ರ ಜನವರಿಯಲ್ಲಿ ಚಾಲನೆ ದೊರೆಯಿತು. ಇನ್ನೊಂದು ಸಂಗತಿ ಎಲ್ಲರಿಗೂ ತಿಳಿದಿರಬೇಕು: ನಮ್ಮ ಕಂಪೆನಿಯ ಸಿಗ್ನಲ್ಲು ಇಲ್ಲದಿದ್ದರೂ ಬೇರೊಂದು ಕಂಪೆನಿಯದು ಸಿಕ್ಕುವಂತಿದ್ದರೆ, ತುರ್ತಿನ ೧೧೨ನೆಯ ಸಂಖ್ಯೆಗೆ ಅದರ ಮೂಲಕ ಹೋಗುವಂತೆ ಫೋನುಗಳನ್ನು ರಚಿಸಲಾಗಿದೆ. ಅಪಾಯದ ಹೊತ್ತಿನಲ್ಲಿ ಈ ಸಂಖ್ಯೆಯನ್ನು ಪ್ರಯತ್ನಿಸದೆ ಕೈಚೆಲ್ಲಬಾರದು.

ಮೇಲೆ ಹೇಳಿದ ಪ್ರಯೋಗವನ್ನು ಒಬ್ಬನೇ ಮಾಡಿದರೆ ಒಂದು ಮನೆಗೆ ಉಪಯೋಗ. ಒಂದು ಶಾಲೆಯ ಮೂವತ್ತು ವಿದ್ಯಾರ್ಥಿಗಳು ಮೂವತ್ತು ಮನೆಗಳಲ್ಲಿ ಮಾಡಿ, ಅಂಕಿಗಳನ್ನು ಊರ ನಕ್ಷೆಯ ಮೇಲೆ ಗುರುತಿಸಿದರೆ ಊರಿಗೇ ಉಪಯೋಗ. ಯಾವ ಓಣಿಗೆ ಯಾವ ಕಂಪೆನಿ, ಯಾವ ತಾಂಡಾಕ್ಕೆ ಯಾವುದೂ ಇಲ್ಲ ಎಂಬುದು ಅದರಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುವುದು. "ಇಲ್ಲಿ ಟವರ್ ಇಲ್ಲ" ಎಂಬ ದೂರಿಗೆ ಕಂಪೆನಿಯ ಅಧಿಕಾರಿ ಏನಾದರೊಂದು ಸಮಾಧಾನ ಹೇಳಿಯಾನು. ಆದರೆ "ಇಂಥ ತಾಂಡಾದ ಹದಿನೆಂಟು ಮನೆಗಳಲ್ಲಿ, ಮೂರು ಹೊತ್ತಿನಲ್ಲಿ, ಮೈನಸ್ ೧೧೫ಕ್ಕಿಂತ ಮೇಲೆ ಬಂದಿಲ್ಲ" ಎಂದು ದಿನಾಂಕಸಹಿತ ಬರೆದ ಹಾಳೆಯನ್ನು ಗ್ರಾಮಪಂಚಾಯತಿಯ ಮೂಲಕ ಮುಂದಿಟ್ಟರೆ ಅದಕ್ಕೆ ಅಂಕಿಯಿಂದಲೇ ಉತ್ತರ ಕೊಡಬೇಕಾಗುವುದು.